ಮಿಲ್ ರಬ್ಬರಿನ ಮರ್ಯಾದೆ

ದಾಂಡೇಲಿಯ ಅಂಬೇವಾಡಿಯಲ್ಲಿ, ಪಂಕ್ಚರ್ ಅಂಗಡಿಗೂ ಗೊಬ್ಬರದ ಅಂಗಡಿಗೂ ನಡುವೆ ಸಿಕ್ಕಿಕೊಂಡಂತೆ ಮಧುಮತಿಯ ಅಂಗಡಿ ಇದೆ. ಅಲ್ಲಿ ಮಾರುವುದು ರಬ್ಬರ್. ಟೈರಿನದಲ್ಲ, ಚಪ್ಪಲಿಯದೂ ಅಲ್ಲ. ಯಂತ್ರಗಳ ಸಂದಿಯಲ್ಲಿ ಕುಳಿತು ಒಳಗಿನ ಪೆಟ್ರೋಲು, ಡೀಸೆಲ್ಲು, ನೀರು ಹೊರಗೆ ಬಾರದಂತೆ ತಡೆಯುವ ರಿಂಗು, ವಾಷರ್, ಸೀಲು, ಪೈಪು. ಯಾವುದೂ ನೋಡಲು ಚೆಂದವಿಲ್ಲ. ಹೆಚ್ಚುಕಡಿಮೆ ಎಲ್ಲವೂ ಕಪ್ಪು. ಆದರೆ ಇವುಗಳಲ್ಲಿ ಒಂದು ಕೈಕೊಟ್ಟರೆ ಎಂಥ ದೊಡ್ಡ ಟ್ರ್ಯಾಕ್ಟರೂ ಹೊಲದ ಬದುವಿನಲ್ಲಿ ನಿಂತು ಒಡೆಯನ ಮುಖ ನೋಡುತ್ತದೆ.

ಗಿರಾಕಿ ಬಂದು ಇಷ್ಟಗಲದ ರಿಂಗ್ ಕೊಡಿ ಎಂದರೆ ಮಧುಮತಿ ಕೂಡಲೇ ಕೈ ಚಾಚುವುದಿಲ್ಲ. ಒಳಗೆ ಏನು ಹರಿಯುತ್ತದೆ, ಎಷ್ಟು ಕಾಯುತ್ತದೆ, ಸುಮ್ಮನೆ ಕೂತಿರುತ್ತದೋ ತಿರುಗುತ್ತದೋ ಎಂದು ಒಂದೊಂದಾಗಿ ಕೇಳುತ್ತಾಳೆ. ರಿಂಗ್ ಕೇಳಿದರೆ ಜಾತಕ ಕೇಳುತ್ತಾಳೆ ಎಂದು ಗ್ಯಾರೇಜಿನವರು ಅವಳನ್ನು ಆಡಿಕೊಳ್ಳುವುದುಂಟು. ಜಾತಕ ನೋಡದೆ ಕೂಡಿಸಿದರೆ ಸಂಸಾರ ಸೋರುತ್ತದೆ ಎಂದು ಅವಳೂ ಬಿಡದೆ ತಿರುಗಿಸಿ ಕೊಡುತ್ತಾಳೆ. ಬಾಯಿ ಜೋರು ಎಂದು ಕೆಲವರು ಮೂಗು ಮುರಿಯುತ್ತಾರೆ. ಜೋರೇ. ಅದು ಅವಳಿಗೆ ಗೊತ್ತು, ಅದರ ಬಗ್ಗೆ ಅವಳಿಗೆ ಬೇಸರವೂ ಇಲ್ಲ.

ಅವಳ ತಾಯಿ ಕಾಶೆವ್ವ ಹಳಿಯಾಳ ಸಂತೆಯಲ್ಲಿ ಬಳೆ ಮಾರುತ್ತಿದ್ದವಳು. ಬಳೆ ತೊಡಿಸುವಾಗ ಒಡೆದರೆ ಅದರ ನಷ್ಟ ಬಳೆಯವಳದ್ದು, ಕೈ ಕೊಟ್ಟವಳದ್ದಲ್ಲ. ಹಾಗಾಗಿ ಕೈ ನೋಡದೆ ಕಾಶೆವ್ವ ಬಳೆ ಮುಟ್ಟುತ್ತಿರಲಿಲ್ಲ. ಮಗಳು ಬಿ.ಎಸ್ಸಿ. ಮುಗಿಸಿ ಹುಬ್ಬಳ್ಳಿಯಲ್ಲಿ ಸೀಲುಗಳ ದೊಡ್ಡ ಅಂಗಡಿಯೊಂದರ ಕೌಂಟರಿನಲ್ಲಿ ಕೆಲಸ ಮಾಡುತ್ತ ರಬ್ಬರಿನ ಗುಣ ಕಲಿತಳು. ಕೈ ನೋಡಿ ಬಳೆ ಕೊಡುವುದನ್ನು ಮಾತ್ರ ತಾಯಿಯಿಂದಲೇ ತಂದಿದ್ದಳು. ಹಾಕುವಾಗ ಹರಿದ ರಿಂಗಿಗೆ ಅವಳು ಇಂದಿಗೂ ಹೊಸದು ಕೊಡುತ್ತಾಳೆ, ತಪ್ಪು ಯಾರದ್ದೆಂದು ಕೇಳುವುದಿಲ್ಲ.

ಬಣ್ಣ ನೋಡಿ ರಬ್ಬರ್ ನಂಬಬೇಡಿ ಎನ್ನುವುದು ಅವಳು ಎಲ್ಲರಿಗೂ ಹೇಳುವ ಮಾತು. ಕಪ್ಪಗೆ ಒಂದೇ ಥರ ಕಾಣುವ ಎರಡು ರಿಂಗುಗಳಲ್ಲಿ ಒಂದು ಪೆಟ್ರೋಲಿನಲ್ಲಿ ವರ್ಷಗಟ್ಟಲೆ ಕೂತರೂ ಮಿಸುಕುವುದಿಲ್ಲ, ಇನ್ನೊಂದು ಒಂದು ದಿನದಲ್ಲಿ ಉಬ್ಬಿ ಕೆಡುತ್ತದೆ. ಪೆಟ್ರೋಲು, ಡೀಸೆಲ್ಲಿಗೆ ನೈಟ್ರೈಲ್ ರಬ್ಬರ್ ಬೇಕು. ಈಗ ಬಂಕಿನ ಪೆಟ್ರೋಲಿಗೆ ಕಬ್ಬಿನಿಂದ ತೆಗೆದ ಎಥನಾಲ್ ಬೆರೆಯುತ್ತಿರುವುದರಿಂದ, ಪೆಟ್ರೋಲು ಸದಾ ನಿಂತಿರುವ ಟಾಕಿಗೆ ವೈಟಾನ್ ಎನ್ನುವ ರಬ್ಬರ್ ಹಾಕಿದರೆ ಇನ್ನೂ ನಿಶ್ಚಿಂತೆ. ಬಿಸಿನೀರು, ಹಬೆ ಇರುವಲ್ಲಿ ಈಪಿಡಿಎಂ ಎನ್ನುವ ರಬ್ಬರಿನ ಮುಂದೆ ಬೇರೆ ಯಾವುದೂ ಇಲ್ಲ, ಆದರೆ ಅದನ್ನು ಪೆಟ್ರೋಲಿನ ಹತ್ತಿರ ಸುಳಿಯಗೊಡಬಾರದು. ಇಷ್ಟು ತಿಳಿದರೆ ಅರ್ಧ ಅಂಗಡಿ ತಿಳಿದಂತೆ.

ತೊಂದರೆ ಇದ್ದದ್ದು ಅಂಗಡಿಯ ಬಾಗಿಲಲ್ಲಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ. ಅಲ್ಲಿ ಅವಳ ಮಾವ ನಾಗಲಿಂಗಪ್ಪ ಕೂಡುತ್ತಿದ್ದರು.

ನಾಗಲಿಂಗಪ್ಪ ಧಾರವಾಡ ಕಡೆಯಿಂದ ಹರೆಯದಲ್ಲೇ ಬಂದು ಕಾಗದದ ಮಿಲ್ಲಿನಲ್ಲಿ ಫಿಟ್ಟರ್ ಆದವರು. ಹಬೆಯ ಪೈಪು, ಮರದ ಚೂರು ಬೇಯಿಸುವ ಕಾಸ್ಟಿಕ್ ಸೋಡಾ ಕುದಿಯುವ ಪೈಪು, ಅವುಗಳ ವಾಲ್ವುಗಳ ನಡುವೆ ಆಯುಷ್ಯ ಕಳೆದರು. ರಿಟೈರ್ ಆದ ಮೇಲೆ ಕೈ ಸುಮ್ಮನಿರಲಿಲ್ಲ. ಗುಜರಿಯವನಿಂದ ಮಿಲ್ಲಿನ ಹಳೆಯ ರಬ್ಬರ್ ಹಾಳೆಗಳನ್ನು ತಂದು, ಉಳಿ ಸುತ್ತಿಗೆಯಿಂದ ದುಂಡಗೆ ವಾಷರ್ ಕತ್ತರಿಸಿ, ಬಂದ ರೈತರಿಗೆಲ್ಲ ಪುಕ್ಕಟೆ ಕೊಡತೊಡಗಿದರು. ಕುದಿಯುವ ಸೋಡಾ ನೀರಿಗೇ ಜಗ್ಗದ ರಬ್ಬರ್, ನಿಮ್ಮ ಪಂಪಿಗೆ ಜಗ್ಗೀತೇ ಎಂದು ಎದೆಯುಬ್ಬಿಸಿ ಹೇಳುತ್ತಿದ್ದರು. ಮಿಲ್ ರಬ್ಬರ್ ಎಂದು ಅದಕ್ಕೆ ಹೆಸರೇ ಬಿತ್ತು. ಹಳಿಯಾಳದ ಹಳ್ಳಿಗಳಿಂದ ಬಂದವರು ಮೊದಲು ಅವರಿಗೆ ಕೈಮುಗಿದು, ಮಿಲ್ ರಬ್ಬರ್ ಭಾಳ ಚಲೋ ಐತಿ ಎಂದು ಹೊಗಳಿ, ಆಮೇಲೆ ಒಳಗೆ ಸೊಸೆಯ ಬಳಿ ಬರುತ್ತಿದ್ದರು. ಮುದುಕರ ಮುಖ ಆ ಹೊಗಳಿಕೆಗೆ ಅರಳುವುದನ್ನು ನೋಡಿ ಮಧುಮತಿಗೂ ಸಂತೋಷವೇ ಆಗುತ್ತಿತ್ತು. ಅವರು ಕೊಡುವುದೆಲ್ಲ ನಳಕ್ಕೆ, ನೀರಿನ ಪಂಪಿಗೆ ಎಂದು ಅವಳು ತಿಳಿದಿದ್ದಳು. ಕೇಳಿ ನೋಡಿರಲಿಲ್ಲ. ಊರಿಗೆಲ್ಲ ಪ್ರಶ್ನೆ ಕೇಳುವವಳು ಮನೆಯ ಹಿರಿಯರನ್ನು ಕೇಳಲಿಲ್ಲ.

ಮಳೆ ಹಿಡಿದು ಹೊಲದಲ್ಲಿ ಕಳೆ ಎದ್ದ ಸಮಯಕ್ಕೆ ಶಿವಲಿಂಗ ಬಂದ. ಬೆನ್ನಿಗೆ ಕಟ್ಟಿಕೊಳ್ಳುವ ಪೆಟ್ರೋಲ್ ಪಂಪಿನಿಂದ ಊರವರ ಹೊಲಗಳಿಗೆ ಔಷಧ ಹೊಡೆಯುವುದು ಅವನ ದುಡಿಮೆ. ಅಂದು ನಾಗಲಿಂಗಪ್ಪ ಮಿಲ್ಲಿನ ಕಾಲೊನಿ ಬಂಗೂರನಗರದಲ್ಲಿ ಹಳೆಯ ಗೆಳೆಯನನ್ನು ಕಾಣಲು ಹೋಗಿದ್ದರು. ಕುರ್ಚಿ ಖಾಲಿ ಇದ್ದದ್ದು ನೋಡಿ ಶಿವಲಿಂಗ ವಾಪಸು ಹೊರಟ. ಏನು ಬೇಕಿತ್ತು ಎಂದು ಮಧುಮತಿ ಕರೆದು ಕೇಳಿದ ಮೇಲೆ, ಪಂಪಿನ ಪೆಟ್ರೋಲ್ ಟಾಕಿಯ ಮುಚ್ಚಳ ತೆಗೆದು ತೋರಿಸಿ, ಇದಕ್ಕೆ ಅಜ್ಜಾರ ಹತ್ತಿರ ಇನ್ನೊಂದು ಮಿಲ್ ರಬ್ಬರ್ ಬೇಕಿತ್ತು, ಇದ್ದದ್ದು ಮುಚ್ಚಳದೊಳಗೆ ಕೂಡುತ್ತಿಲ್ಲ ಎಂದ.

ಮಧುಮತಿ ಮುಚ್ಚಳ ಕೈಗೆ ತೆಗೆದುಕೊಂಡಳು. ವಾಷರ್ ಉಬ್ಬಿ ತನ್ನ ಜಾಗ ಬಿಟ್ಟು ಮೇಲೆದ್ದಿತ್ತು. ಉಗುರು ತಾಗಿಸಿದರೆ ಚಹಾದಲ್ಲಿ ಅದ್ದಿದ ಬಿಸ್ಕತ್ತಿನ ಹಾಗೆ ಅಂಚು ಕಳಚಿ ಬಂತು. ಕುಳಿತುಕೋ ಎಂದರೆ ಶಿವಲಿಂಗ ಕೂಡಲಿಲ್ಲ. ಯಾಕೆಂದು ಕೇಳಿದರೆ ಏನಿಲ್ಲ ಎಂದ. ಅವನ ಅಂಗಿಯಿಂದ ಪೆಟ್ರೋಲಿನ ವಾಸನೆ ಹೊಡೆಯುತ್ತಿತ್ತು. ಗದರಿಸಿ ಅಂಗಿ ಎತ್ತಿಸಿ ನೋಡಿದರೆ ಸೊಂಟದ ಉದ್ದಕ್ಕೂ ಚರ್ಮ ಕೆಂಪಾಗಿ ಬೊಬ್ಬೆಯೆದ್ದು ಅಲ್ಲಲ್ಲಿ ಸುಲಿದಿತ್ತು. ಕಳೆನಾಶಕ ತಾಗಿರಬೇಕು ಎಂದು ಅವನ ತಾಯಿ ಈರಕ್ಕ ದಿನವೂ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಳಂತೆ. ಅದು ಕಳೆನಾಶಕ ಅಲ್ಲ. ಬಗ್ಗಿದಾಗಲೆಲ್ಲ ಮುಚ್ಚಳದ ಸಂದಿಯಿಂದ ಪೆಟ್ರೋಲು ಸೋರಿ ಅಂಗಿ ತೊಯ್ದು, ಅದೇ ತೊಯ್ದ ಅಂಗಿಯಲ್ಲಿ ಅವನು ದಿನವಿಡೀ ದುಡಿದಿದ್ದ. ಆ ಟಾಕಿಯ ಪಕ್ಕದಲ್ಲೇ ಕಾದ ಇಂಜಿನ್ ಇರುತ್ತದೆ. ಒಂದು ಕಿಡಿ ಸಾಕಿತ್ತು.

ಈ ಒಂದು ವಾಷರ್ ಮಾತ್ರವೇ ಎಂದು ಕೇಳಿದಳು. ಅಲ್ಲ, ಮೊದಲಿನ ಎರಡೂ ಹೀಗೇ ಆದವು, ತಾನೇ ಮುಚ್ಚಳ ಸರಿಯಾಗಿ ತಿರುವಲಿಲ್ಲವೇನೋ ಎಂದು ಶಿವಲಿಂಗ ತಲೆ ತಗ್ಗಿಸಿದ. ಊರಿನಲ್ಲಿ ಬೇರೆಯವರ ಪಂಪಿಗೂ ಅಜ್ಜಾರ ರಬ್ಬರೇ ಇದೆ, ಎಲ್ಲರೂ ಚಲೋ ಎನ್ನುತ್ತಾರೆ ಎಂದೂ ಹೇಳಿದ. ಅವಳು ಮುಚ್ಚಳಕ್ಕೆ ವೈಟಾನ್ ವಾಷರ್ ಕೂಡಿಸಿ ಕೊಟ್ಟು, ಗಾಯ ವಾಸಿಯಾಗುವ ತನಕ ಪಂಪು ಬೆನ್ನಿಗೆ ಹಾಕಬೇಡ ಎಂದು ಹೇಳಿ, ಆಟೋ ಕರೆದು ಸರ್ಕಾರಿ ಆಸ್ಪತ್ರೆಗೆ ಕಳಿಸಿದಳು. ಹೋಗುವಾಗ ಅವನು ಮುಚ್ಚಳದೊಳಗೆ ಇಣುಕಿ ನೋಡಿ, ಇದು ಮಿಲ್ ರಬ್ಬರ್ ಅಲ್ಲವಲ್ಲ ಎಂದು ಅನುಮಾನದಿಂದ ಕೇಳಿದ. ಇದೂ ನಮ್ಮ ಅಂಗಡಿಯದೇ ಎಂದಳು.

ಆ ಹಳ್ಳಿಯಲ್ಲಿ ಇನ್ನೆಷ್ಟು ಪಂಪುಗಳ ಟಾಕಿಯಲ್ಲಿ ಮಾವನವರ ವಾಷರ್ ಇದೆಯೋ ಯಾರಿಗೆ ಗೊತ್ತು. ಅವನ್ನು ತೆಗೆಸಲೇಬೇಕು, ಅದೂ ಕಳೆ ಹೊಡೆಯುವ ಕೆಲಸ ಬಿರುಸಾಗುವ ಮುನ್ನ. ತಾನು ಹೋಗಿ ಹೇಳಿದರೆ ಯಾರೂ ತೆಗೆಯುವುದಿಲ್ಲ. ಸೊಸೆ ಮಾತು ಕೇಳಿ ನಾಗಲಿಂಗಪ್ಪನವರು ಕೊಟ್ಟದ್ದನ್ನು ಯಾರು ಬಿಸಾಡುತ್ತಾರೆ? ಹೇಳಬೇಕಾದವರು ಅವರೇ. ಆದರೆ ಅವರ ಬಾಯಿಂದಲೇ ತಮ್ಮ ರಬ್ಬರ್ ಕೆಟ್ಟದ್ದೆಂದು ಹೇಳಿಸಿದರೆ ಆ ವಯಸ್ಸಿನಲ್ಲಿ ಅವರಿಗೆ ಉಳಿಯುವುದೇನು? ಮಿಲ್ ರಬ್ಬರ್ ಈಪಿಡಿಎಂ ಎನ್ನುವುದರಲ್ಲಿ ಮಧುಮತಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಕಷ್ಟವೆನಿಸಿದ್ದು ಮಾವನ ಮುಖ.

ಅವಳು ಎರಡು ಉಪ್ಪಿನಕಾಯಿ ಬಾಟಲಿ ತೊಳೆದು, ಒರೆಸಿ, ಪೆಟ್ರೋಲು ತುಂಬಿಸಿ, ಒಂದರಲ್ಲಿ ಮಿಲ್ ರಬ್ಬರಿನ ಹೊಸ ವಾಷರ್, ಇನ್ನೊಂದರಲ್ಲಿ ಅಷ್ಟೇ ಅಳತೆಯ ವೈಟಾನ್ ವಾಷರ್ ಹಾಕಿ ಬಿಗಿಯಾಗಿ ಮುಚ್ಚಿಟ್ಟಳು. ಫಲಿತಾಂಶ ಅವಳಿಗೆ ಮೊದಲೇ ಗೊತ್ತು, ಬಾಟಲಿ ಇಟ್ಟದ್ದು ಮಾವನವರಿಗಾಗಿ. ಮರುದಿನ ಅವರು ಕುರ್ಚಿಗೆ ಬಂದಾಗ ಎರಡನ್ನೂ ಹೊರತೆಗೆದು, ತಾಯಿ ಬಳೆಯ ಅಳತೆ ನೋಡಲು ಬಳಸುತ್ತಿದ್ದ, ತುದಿಗೆ ಸಣ್ಣಗಾಗುವ ಗುರುತಿನ ಕೋಲಿಗೆ ಏರಿಸಿ ತೋರಿಸಿದಳು. ಒಂದು ತನ್ನ ಗುರುತಿನಲ್ಲೇ ನಿಂತಿತು. ಇನ್ನೊಂದು ಸಡಿಲವಾಗಿ ಕೆಳಗಿನ ತನಕ ಜಾರಿತು.

ನಾಗಲಿಂಗಪ್ಪ ನಕ್ಕರು. ಅದೇ ಅಲ್ಲವೇ ಅದರ ಶಕ್ತಿ, ಪೆಟ್ರೋಲು ಕುಡಿದು ಉಬ್ಬಿ ಸಂದಿಯನ್ನೆಲ್ಲ ಹಿಡಿದುಕೊಳ್ಳುತ್ತದೆ, ಹಾಕಿದವರೆಲ್ಲ ಮೊದಲಿಗಿಂತ ಬಿಗಿಯಾಯಿತು ಎನ್ನುತ್ತಾರೆ ಎಂದು ಅವಳಿಗೇ ಪಾಠ ಹೇಳಿದರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಮೊದಲ ಕೆಲವು ದಿನ ಅದು ಬಿಗಿಯಾಗಿಯೇ ಹಿಡಿಯುತ್ತದೆ. ಆಮೇಲೆ ಮುಚ್ಚಳ ಬಿಚ್ಚಿದರೆ ಮತ್ತೆ ಒಳಗೆ ಕೂಡುವುದಿಲ್ಲ, ಅಂಚು ಹರಿಯುತ್ತದೆ, ಪೆಟ್ರೋಲು ಆರಿದರೆ ಕುಗ್ಗಿ ಸಂದಿ ಬಿಡುತ್ತದೆ. ಮಧುಮತಿ ಇದನ್ನೆಲ್ಲ ನಿಧಾನವಾಗಿ ಹೇಳಿದಳು. ಅವರು ಇನ್ನೂ ನಗುತ್ತಲೇ ಇದ್ದುದರಿಂದ, ಶಿವಲಿಂಗನ ಸೊಂಟದ ಸಂಗತಿಯನ್ನೂ ಹೇಳಿದಳು.

"ಉಬ್ಬೂದು ಶಕ್ತಿ ಅಲ್ರಿ ಮಾವಾರ, ರೋಗ. ಅದು ನೀರಿಗೆ ಹುಟ್ಟಿದ ರಬ್ಬರ್. ಪೆಟ್ರೋಲ್ ಅದಕ್ಕ ಆಗಿಬರೂದಿಲ್ಲ."

ಮುದುಕರ ನಗು ನಿಂತಿತು. ಉಬ್ಬಿದ ವಾಷರನ್ನು ಬೆರಳುಗಳ ನಡುವೆ ಹಿಸುಕಿ ನೋಡಿದರು. ಅದು ಹರಿಯಿತು. ಎದ್ದು ಮನೆಗೆ ಹೋದರು. ಮರುದಿನ ಅಂಗಡಿಗೆ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಮನೆಯಲ್ಲಿ ಸೊಸೆ ಬಡಿಸಿದ್ದನ್ನು ಉಂಡರು, ಆದರೆ ಮುಖ ಎತ್ತಲಿಲ್ಲ. ಬಂದ ಗಿರಾಕಿಗಳು ಖಾಲಿ ಕುರ್ಚಿ ನೋಡಿ, ಅಜ್ಜಾರಿಗೆ ಆರಾಮಿಲ್ಲವೇ ಎಂದು ಕೇಳಿದಾಗಲೆಲ್ಲ ಮಧುಮತಿಗೆ ತಾನೇ ಅವರನ್ನು ಎಬ್ಬಿಸಿ ಕಳಿಸಿದಂತೆ ಚುಚ್ಚುತ್ತಿತ್ತು.

ಗಂಡ ರುದ್ರೇಶ ಮಿಲ್ಲಿನಲ್ಲಿ ಎಲೆಕ್ಟ್ರಿಶಿಯನ್, ಜಗಳ ಎಂದರೆ ದೂರ ಸರಿಯುವವನು. ಅವನೇ ಒಂದು ಉಪಾಯ ಹೇಳಿದ. ಕಂಪನಿಯಿಂದ ಹೊಸ ನಮೂನೆಯ ವಾಷರ್ ಬಂದಿದೆ, ಹಳೆಯದನ್ನು ಕೊಟ್ಟು ಹೊಸದು ಒಯ್ಯಿರಿ ಎಂದು ಹಳ್ಳಿಗೆ ಹೋಗಿ ಬದಲಿಸಿ ಬಂದರಾಯಿತು. ಅಪ್ಪನ ಹೆಸರು ಎತ್ತುವುದೇ ಬೇಡ, ಯಾರಿಗೂ ತಿಳಿಯುವುದಿಲ್ಲ. ಮಧುಮತಿಗೆ ಇದು ಹಿಡಿಸಿತು. ಜನರ ಬೆನ್ನೂ ಉಳಿಯುತ್ತದೆ, ಮಾವನವರ ಮರ್ಯಾದೆಯೂ ಉಳಿಯುತ್ತದೆ. ಹಿತ್ತಲಿನಲ್ಲಿ ಶೇಂಗಾ ಸುಲಿಯುತ್ತ ಕುಳಿತಿದ್ದ ನಾಗಲಿಂಗಪ್ಪನವರಿಗೆ ಇದನ್ನು ಹೇಳಿ, ಇನ್ನಾದರೂ ಸಮಾಧಾನವಾದೀತು ಎಂದು ಕಾದಳು.

ಅವರು ಮೊರ ಪಕ್ಕಕ್ಕೆ ಸರಿಸಿದರು. ಅಷ್ಟು ದಿನದ ಮೇಲೆ ಅವಳ ಮುಖ ನೋಡಿ ಮಾತಾಡಿದರು.

"ಮಿಲ್‌ನ್ಯಾಗ ರಿಪೇರಿಗೆ ಇಳಿಯೂಮುಂದ ವಾಲ್ವಿಗೆ ನನ್ನ ಹೆಸರಿನ ಕೆಂಪು ಚೀಟಿ ಕಟ್ಟತಿದ್ದೆ. ಆ ಚೀಟಿ ನಾನ ಬಿಚ್ಚಬೇಕು. ಇನ್ನೊಬ್ಬಂವ ಬಿಚ್ಚೂಹಂಗಿಲ್ಲ, ಮ್ಯಾನೇಜರ್ ಸೈತ ಮುಟ್ಟೂಹಂಗಿಲ್ಲ. ನಾ ಕಟ್ಟಿದ್ದನ್ನ ನೀವು ಗಂಡಾ ಹೆಂಡ್ತಿ ಕದ್ದು ಬಿಚ್ಚತೇವಿ ಅಂತೀರಿ. ನಾ ಸತ್ತೇನೇನು?"

ಮಧುಮತಿ ನಾಲಿಗೆ ಕಚ್ಚಿಕೊಂಡಳು. ಮರ್ಯಾದೆ ಉಳಿಸಲು ಹೋಗಿ ಇದ್ದದ್ದನ್ನೂ ಕಿತ್ತುಕೊಳ್ಳುತ್ತಿದ್ದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ನಾಗಲಿಂಗಪ್ಪ ಒಳಗೆ ಹೋಗಿ ಬಿಳಿ ಅಂಗಿ ತೊಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು ಬಂದು ಸ್ಕೂಟರಿನ ಹಿಂದೆ ಕೂತರು. ಅವಳು ವೈಟಾನ್ ವಾಷರುಗಳನ್ನು ಚೀಲಕ್ಕೆ ತುಂಬಿಕೊಂಡು ಗಾಡಿ ಚಾಲೂ ಮಾಡಿದಳು. ಹಳಿಯಾಳದ ದಾರಿಯಲ್ಲಿ ಕಾಡು ಮುಗಿದು ಗೋವಿನಜೋಳ, ಕಬ್ಬಿನ ಹೊಲ ಸುರುವಾದವು. ಅಲ್ಲಿಗೆ ಬಂದ ಮೇಲೆ ಮುದುಕರು, ನಿಧಾನ ಹೊಡಿ, ಹೇಳಬೇಕಾದ ಮಾತು ಇನ್ನೂ ಬಾಯಿಗೆ ಬಂದಿಲ್ಲ ಎಂದರು. ಅವಳು ನಿಧಾನ ಮಾಡಿದಳು.

ಮೊದಲ ಮನೆ ಮಲಕಪ್ಪನದು. ಕಬ್ಬು, ಗೋವಿನಜೋಳ ಎರಡೂ ಬೆಳೆಯುವ, ಊರಿನಲ್ಲಿ ನಾಲ್ಕು ಜನ ಮಾತು ಕೇಳುವ ಮನುಷ್ಯ. ನಾಗಲಿಂಗಪ್ಪನವರನ್ನು ಕಂಡು ಓಡಿ ಬಂದು ಕಂಬಳಿ ಹಾಸಿ ಕೂರಿಸಿದ. ಪಂಪಿನ ಮುಚ್ಚಳ ಬಿಚ್ಚಿ ತಾ, ಅದರೊಳಗಿನ ನನ್ನ ವಾಷರ್ ತೆಗೆಯಬೇಕು ಎಂದು ಅವರು ಹೇಳಿದ್ದೇ ತಡ, ಮಲಕಪ್ಪನ ಮುಖ ಒಂಥರಾ ಆಯಿತು. ಬೇಡವೇ ಬೇಡ, ಅದು ಭಾಳ ಚಲೋ ಹಿಡಿದಿದೆ, ನಿಮ್ಮ ಕೈಯ ರಬ್ಬರಿಗೆ ಏನಾಗುತ್ತದೆ ಎಂದು ಹೊಗಳಲು ಸುರುಮಾಡಿದ. ಹೊಗಳುತ್ತ ಪಂಪಿಗೆ ಅಡ್ಡ ನಿಂತ. ನಾಗಲಿಂಗಪ್ಪ ಎದ್ದು ಹೋಗಿ ತಾವೇ ಮುಚ್ಚಳ ಬಿಚ್ಚಿದರು.

ಒಳಗೆ ಅವರ ವಾಷರ್ ಇರಲಿಲ್ಲ. ಸೈಕಲ್ ಟ್ಯೂಬಿನ ತುಂಡೊಂದನ್ನು ತುರುಕಿ, ಸುತ್ತಲೂ ಬಟ್ಟೆ ಸಾಬೂನು ಮೆತ್ತಿತ್ತು.

ಮಲಕಪ್ಪ ಕತ್ತು ತುರಿಸಿಕೊಂಡ. ನಿಮ್ಮ ರಬ್ಬರ್ ಎಸೆದಿಲ್ಲ, ಹಾಗೆ ತಿಳಿಯಬೇಡಿ, ಹಿತ್ತಲಿನ ನಳಕ್ಕೆ ಹಾಕಿದ್ದೇನೆ, ಅಲ್ಲಿ ಒಂದು ಹನಿ ಸೋರುವುದಿಲ್ಲ ಎಂದ. ಹಿತ್ತಲಿಗೆ ಕರೆದೊಯ್ದು ನಳ ತಿರುವಿ ತೋರಿಸಿದ. ಅವನು ಹೇಳಿದ್ದು ನಿಜ. ನಿಲ್ಲಿಸಿದ ಮೇಲೆ ನಳದ ಬಾಯಲ್ಲಿ ಒಂದು ಹನಿಯೂ ಜಿನುಗಲಿಲ್ಲ. ತಾನು ಬಿ.ಎಸ್ಸಿ. ಓದಿ ಹೇಳುವುದನ್ನು ಈ ಮನುಷ್ಯ ಏನನ್ನೂ ಓದದೆ ಸರಿಯಾದ ಜಾಗಕ್ಕೆ ಹಾಕಿದ್ದಾನಲ್ಲ ಎಂದು ಮಧುಮತಿಗೆ ನಗು ಬಂತು. ಪಕ್ಕದಲ್ಲಿದ್ದ ಮಾವನ ಮುಖ ನೋಡಿ ನಗುವನ್ನು ನುಂಗಿದಳು.

"ಸೋರತೈತಿ ಅಂತ ಯಾಕ ಹೇಳಲಿಲ್ಲಪಾ?" ಎಂದರು ನಾಗಲಿಂಗಪ್ಪ.

"ಹಿರ್‍ಯಾರು. ಪ್ರೀತೀಲೆ ಕೊಟ್ಟದ್ದು. ಹೆಂಗ ಹೇಳೂದ್ರಿ ಕಾಕಾರ?"

ಮುಂದಿನ ಮನೆಯಲ್ಲೂ ಅದೇ ಕತೆ. ಅಲ್ಲಿ ವಾಷರ್ ಬಚ್ಚಲಿನ ಬಿಸಿನೀರಿನ ಪೈಪಿಗೆ ಸೇರಿತ್ತು. ಅದರಾಚೆಯ ಮನೆಯಲ್ಲಿ ಮುಚ್ಚಳಕ್ಕೆ ಪ್ಲಾಸ್ಟಿಕ್ ಹಾಳೆ ಸುತ್ತಿದ್ದರು. ಇನ್ನೊಬ್ಬ ಪೇಟೆಯಿಂದ ಗುಟ್ಟಾಗಿ ಬೇರೆ ತಂದು ಹಾಕಿಕೊಂಡಿದ್ದ. ಹೋದ ವರ್ಷದ ಹಂಗಾಮಿನಲ್ಲೇ ಎಲ್ಲರಿಗೂ ತಿಳಿದಿತ್ತು. ಎಲ್ಲರೂ ತೆಗೆದು ಹಾಕಿದ್ದರು. ಎಲ್ಲರೂ ಆಮೇಲೆ ದಾಂಡೇಲಿಗೆ ಬಂದು, ಕುರ್ಚಿಗೆ ಕೈಮುಗಿದು, ಭಾಳ ಚಲೋ ಐತಿ ಎಂದು ಹೇಳಿ ಹೋಗಿದ್ದರು. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ಕೊಟ್ಟ ಕೈಯನ್ನು ಹೀಗಳೆಯಬಾರದು ಎಂದು ಬೆಳೆದ ಜನ. ಅಕ್ಕಪಕ್ಕದವರಲ್ಲೂ ಯಾರೂ ಬಾಯಿ ಬಿಟ್ಟಿರಲಿಲ್ಲ. ಮಾತು ಹಾರಿ ಅಜ್ಜಾರ ಕಿವಿಗೆ ಬಿದ್ದರೆ ಗತಿಯೇನು ಎಂದು ಸುಮ್ಮನಿದ್ದರು. ಹೊಗಳಿಕೆ ಮಾತ್ರ ಊರೆಲ್ಲ ಸುತ್ತಿತ್ತು. ಆ ಹೊಗಳಿಕೆಯನ್ನು ಪೂರ್ತಿ ನಂಬಿದವನು ಶಿವಲಿಂಗ ಒಬ್ಬನೇ.

ಅವನ ಮನೆ ಊರ ಕೊನೆಗಿತ್ತು. ಆಸ್ಪತ್ರೆಯ ಮುಲಾಮು ಹಚ್ಚಿಕೊಂಡು ಅವನು ಜಗಲಿಯ ಮೇಲೆ ಬೋರಲಾಗಿ ಮಲಗಿದ್ದ. ನಾಗಲಿಂಗಪ್ಪನವರನ್ನು ನೋಡಿ ಏಳಲು ಹೋದವನನ್ನು ಅವರು ತಡೆದರು. ಈರಕ್ಕ ತಂದಿಟ್ಟ ಚಹಾ ಮುಟ್ಟದೆ, ಮಗನ ಸೊಂಟ ತೋರಿಸು ಎಂದರು. ಈರಕ್ಕ ಬಟ್ಟೆ ಸರಿಸಿದಳು. ಅವರು ಬಗ್ಗಿ ಬಹಳ ಹೊತ್ತು ನೋಡಿದರು. ಈರಕ್ಕ ಅವರನ್ನು ದೂರಲಿಲ್ಲ. ದೂರಬೇಕೆಂದು ಅವಳಿಗೆ ಹೊಳೆದೂ ಇರಲಿಲ್ಲ.

"ಪೆಟ್ರೋಲ್ ಸೋರಿ ಹಾಳಾಗತೈತಿ, ಬ್ಯಾರೆದ್ದ ಹಾಕಪಾ ಅಂತ ಹೇಳಿದ್ನಿರಿ. ಅಜ್ಜಾರು ಕೊಟ್ಟದ್ದು ಅಂತ ಬಿಡಲಿಲ್ಲ," ಎಂದಳು ಅಷ್ಟೇ.

ನಾಗಲಿಂಗಪ್ಪ ಶಿವಲಿಂಗನ ತಲೆಯ ಮೇಲೆ ಕೈಯಿಟ್ಟರು. ನೀ ಮುಚ್ಚಳ ಸರಿಯಾಗಿಯೇ ತಿರುವಿದ್ದಿ, ನಾ ಕೊಟ್ಟದ್ದೇ ತಪ್ಪು ಎಂದು ಅವನಿಗೆ ಕೇಳುವ ಹಾಗೆ ಹೇಳಿದರು. ಹೊರಗೆ ಬಂದು ಅವರು ಎಡಗಾಲಿಗೆ ಬಲಗಾಲಿನ ಮೆಟ್ಟು ಹಾಕಿಕೊಳ್ಳುತ್ತಿದ್ದುದನ್ನು ಮಧುಮತಿ ನೋಡಿದಳು. ಅವಳಿಗೆ ಕಣ್ಣು ತುಂಬಿ ಬಂತು. ಮನೆಗೆ ಹೋಗೋಣವೇ ಎಂದಳು. ಇಲ್ಲ, ಎಲ್ಲರನ್ನೂ ಕರೆಸು ಎಂದರು ಅವರು.

ಊರ ನಡುವಿನ ಕಟ್ಟೆಗೆ ಒಬ್ಬೊಬ್ಬರೇ ಪಂಪು ಹೊತ್ತುಕೊಂಡು ಬಂದರು. ಅಪರಾಧಿಗಳ ಹಾಗೆ ತಲೆ ತಗ್ಗಿಸಿದ್ದರು. ಮಧುಮತಿ ಸಾಬೂನು, ಟ್ಯೂಬು, ಪ್ಲಾಸ್ಟಿಕ್ಕು ಕಿತ್ತು ಒರೆಸಿ ಹೊಸ ವಾಷರ್ ಕೂಡಿಸತೊಡಗಿದಳು. ಆ ಕೆಲಸದಲ್ಲಿ ಅವಳ ಕೈ ಎಂದಿನಂತೆ ಚುರುಕಾಗಿತ್ತು. ನಾಗಲಿಂಗಪ್ಪ ಕಟ್ಟೆಯ ಮೇಲೆ ಕೂತು ಎಲ್ಲರೂ ಸೇರುವ ತನಕ ಕಾದರು. ಆಮೇಲೆ ದನಿ ಏರಿಸದೆ ಮಾತಾಡಿದರು.

"ನನ್ನ ರಬ್ಬರ್ ಸೋರತೈತಿ ಅಂತ ನಿಮಗೆಲ್ಲಾ ಗೊತ್ತಿತ್ತು. ನನಗ ಒಬ್ಬಂವಗ ಗೊತ್ತಿರಲಿಲ್ಲ. ನನ್ನ ಮನಸ್ಸ ನೋಯಬಾರದಂತ ನೀವು ಸುಮ್ಮನಿದ್ರಿ. ಆ ಹುಡುಗನ ಸೊಂಟ ಸುಟ್ಟಿತು. ಇಷ್ಟ ಮಂದ್ಯಾಗ ನನ್ನ ಎದುರು ನಿಂತು ಖರೇ ಹೇಳಿದಾಕಿ ಇಕಿ ಒಬ್ಬಾಕಿ. ಅಕಿ ಮ್ಯಾಲೆ ನಾ ಸಿಟ್ಟ ಮಾಡಿಕೊಂಡು ಕುಂತೆ."

ಮಧುಮತಿಯ ಕೈಯಲ್ಲಿದ್ದ ಮುಚ್ಚಳ ಅಲ್ಲೇ ನಿಂತಿತು. ಮಾವನವರ ಹೆಸರು ಕಳೆದೆನೆಂದು ಇಷ್ಟು ದಿನ ಒಳಗೊಳಗೇ ಬೆಂದಿದ್ದಳು. ಆ ಭಾರ ಅವರ ಒಂದು ಮಾತಿಗೆ ಇಳಿದುಹೋಯಿತು. ಅವಳಿಗೆ ಹೆಮ್ಮೆಯಾಯಿತು, ಅದನ್ನು ಅಡಗಿಸಲೂ ಇಲ್ಲ. ಎದ್ದು ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಅಂಗಡಿಯಲ್ಲಿ ಮಾತಾಡುವ ಅದೇ ಗತ್ತಿನಲ್ಲಿ ಎಲ್ಲರನ್ನೂ ನೋಡಿ ಹೇಳಿದಳು.

"ಇನ್ನ ಮ್ಯಾಲೆ ನಮ್ಮ ಅಂಗಡಿ ಸಾಮಾನು ಸೋರಿದ್ರ ಮಾರಿ ಮ್ಯಾಲೆ ಹೇಳ್ರಿ. ನಂದಿರಲಿ, ಮಾವಾರದಿರಲಿ. ನನಗೇನೂ ಬ್ಯಾಸರ ಇಲ್ಲ. ಹೇಳಲಿಲ್ಲಂದ್ರ ಬ್ಯಾಸರ."

ಜನ ಒಬ್ಬರ ಮುಖ ಒಬ್ಬರು ನೋಡಿದರು. ಕೆಲವರು ಹೌದೆಂದು ತಲೆಯಾಡಿಸಿದರು. ನಿಮ್ಮ ಸಾಮಾನು ಯಾಕೆ ಸೋರುತ್ತದೆ ಅಕ್ಕಾರ, ನಿಮ್ಮದು ಯಾವಾಗಲೂ ಚಲೋ ಎಂದು ಯಾರೋ ಹಿಂದಿನಿಂದ ಹೇಳಿದರು. ಅವಳು ಸಮಾಧಾನದಿಂದ ಮತ್ತೆ ಕುಳಿತು ಮುಚ್ಚಳ ಕೈಗೆತ್ತಿಕೊಂಡಳು. ಆಗ ಮಲಕಪ್ಪ ಕೆಮ್ಮಿದ. ಪಕ್ಕದವನು ಅವನ ಅಂಗಿ ಜಗ್ಗಿದ, ಆದರೂ ಬಿಡದೆ ಎರಡು ಹೆಜ್ಜೆ ಮುಂದೆ ಬಂದ.

"ಹಂಗಾರ ಒಂದು ಹೇಳತೇನ್ರಿ ಅಕ್ಕಾರ. ಹೋದ ಸುಗ್ಗ್ಯಾಗ ನನ್ನ ಟ್ರ್ಯಾಕ್ಟರಿಗೆ ಡೀಸೆಲ್ ಪೈಪ್ ಕೊಟ್ಟಿದ್ರೆಲಾ. ಅದು ಸೋರತೈತ್ರಿ."

ಮಧುಮತಿಯ ಮುಖಕ್ಕೆ ರಕ್ತ ನುಗ್ಗಿತು. ಸುಗ್ಗಿಯಿಂದ ಈಚೆ ಈ ಮನುಷ್ಯ ಎಷ್ಟೋ ಸಲ ಅಂಗಡಿಗೆ ಬಂದು, ಚಹಾ ಕುಡಿದು, ನಿಮ್ಮ ಪೈಪು ಕಲ್ಲಿನಂಥದು ಎಂದು ಹೋಗಿದ್ದ. ಅದನ್ನು ನಂಬಿ ಅವಳು ಅದೇ ಪೈಪನ್ನು ಎಷ್ಟು ಜನರಿಗೆ ಕೊಟ್ಟಿರಲಿಕ್ಕಿಲ್ಲ! ಎಂದಿನಿಂದ ಸೋರುತ್ತಿದೆ ಎಂದು ಕೇಳಿದಳು.

"ಹಾಕಿದ ಮರುದಿನದಿಂದ್ರಿ," ಎಂದ ಮಲಕಪ್ಪ.

ಕಟ್ಟೆಯ ಮೇಲೆ ನಾಗಲಿಂಗಪ್ಪ ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಮಾಡಿದರು.

"ಬಾ ತಂಗಿ," ಎಂದರು. "ನೀನೂ ಇಲ್ಲೆ ಕೂಡು."